ಆಲೂಗಡ್ಡೆಗೆ ಸಾರಜನಕ ಎಷ್ಟು, ಯಾವಾಗ, ಯಾವುದರಿಂದ: ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಉರ್ಲಗಡ್ಡೆ ಎಂದೇ ಕರೆಯುವ ಆಲೂಗಡ್ಡೆಯನ್ನು ಹಾಕುವ ಮುನ್ನ ರೈತರು ಗೊಬ್ಬರದ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಎಕರೆಗೆ ಯೂರಿಯಾ ಎಷ್ಟು ಮೂಟೆ ಬೇಕು? ಅಂಗಡಿಯವರು ಒಂದು ಸಂಖ್ಯೆ ಹೇಳುತ್ತಾರೆ, ಮೂಟೆಗಳು ಹೊಲಕ್ಕೆ ಬರುತ್ತವೆ. ಆದರೆ ಅದೇ ಹೊಲಕ್ಕೆ ತಿಂಗಳ ಹಿಂದೆ ಬಿದ್ದ ಕೋಳಿ ಗೊಬ್ಬರದಲ್ಲಿ, ಕುರಿ ಮಂದೆಯಲ್ಲಿ, ಹೊಂಗೆ ಹಿಂಡಿಯಲ್ಲಿ ಮತ್ತು ಕೊಳವೆ ಬಾವಿಯ ನೀರಿನಲ್ಲಿಯೂ ಸಾರಜನಕವಿದೆ ಎಂಬುದು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಎಲ್ಲ ಮೂಲಗಳನ್ನೂ ಒಂದೇ ಪುಸ್ತಕದಲ್ಲಿ ಬರೆದು ಕೂಡಿಸುವುದು, ಕೂಡಿಸಿದ್ದನ್ನು ಗಿಡದ ವಯಸ್ಸಿಗೆ ತಕ್ಕಂತೆ ಹಂಚುವುದು ಮತ್ತು ಬಿತ್ತಿದ 50ನೇ ದಿನದ ಹೊತ್ತಿಗೆ ಕೈ ನಿಲ್ಲಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ. ಲೆಕ್ಕಗಳೆಲ್ಲವೂ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಬಿತ್ತುವ ನೀರಾವರಿ ಹಿಂಗಾರು ಬೆಳೆಗೆ, ಕುಫ್ರಿ ಜ್ಯೋತಿಯಂಥ 90ರಿಂದ 100 ದಿನಗಳ ತಳಿಗೆ ಹೊಂದುವಂಥವು.

ಮೊದಲು ಗಿಡದ ಸ್ವಭಾವ

ಸಾರಜನಕ ಹೆಚ್ಚಾದಷ್ಟೂ ಗಿಡ ಹಸಿರಾಗುತ್ತದೆ, ಗಿಡ ಹಸಿರಾದಷ್ಟೂ ಗಡ್ಡೆ ದಪ್ಪವಾಗುತ್ತದೆ ಎಂಬ ನಂಬಿಕೆಯಲ್ಲಿ ಮೊದಲ ಅರ್ಧ ಮಾತ್ರ ನಿಜ. ಮೊಳಕೆ ಒಡೆದ ಗಿಡ ಮೊದಲ ತಿಂಗಳು ಎಲೆ ಮತ್ತು ಕಾಂಡ ಕಟ್ಟಿಕೊಳ್ಳುತ್ತದೆ. ಸುಮಾರು 30ರಿಂದ 40ನೇ ದಿನದ ನಡುವೆ ಮಣ್ಣಿನೊಳಗೆ ಅಡ್ಡಕ್ಕೆ ಹರಿದ ಬಿಳಿ ಕುಡಿಗಳ ತುದಿ ಊದಿಕೊಂಡು ಗಡ್ಡೆಯ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಎಲೆಯಲ್ಲಿ ತಯಾರಾದ ಪಿಷ್ಟ ಕೆಳಗಿಳಿದು ಗಡ್ಡೆ ತುಂಬಬೇಕು. ಗಡ್ಡೆ ಕಟ್ಟುವ ಹೊತ್ತಿನಲ್ಲಿ ಮಣ್ಣಿನಲ್ಲಿ ಸಾರಜನಕ ಮಿತಿಮೀರಿದ್ದರೆ ಗಿಡಕ್ಕೆ ಇನ್ನೂ ಬೆಳೆಯುವ ಕಾಲವೇ ಇದೆ ಎಂದು ಅನಿಸುತ್ತದೆ. ಹೊಸ ಎಲೆ ಬಿಡುತ್ತಲೇ ಹೋಗುತ್ತದೆ, ಗಡ್ಡೆ ಕಟ್ಟುವುದು ತಡವಾಗುತ್ತದೆ, ಕೀಳುವ ದಿನವೂ ಮುಂದಕ್ಕೆ ಹೋಗುತ್ತದೆ. ಕಮ್ಮಿಯಾದರೂ ತೊಂದರೆಯೇ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಗೆ ತಿರುಗುತ್ತವೆ, ಗಿಡ ಕುಳ್ಳಾಗಿ ಬೇಗ ಮುಪ್ಪಾಗುತ್ತದೆ, ಹಾಗೆ ಸೊರಗಿದ ಎಲೆಗಳ ಮೇಲೆ ಉಂಗುರ ಉಂಗುರವಾಗಿ ಕಾಣುವ ಮುಂಚಿನ ಅಂಗಮಾರಿ ಹೆಚ್ಚು ಹರಡುತ್ತದೆ.

ಬೆಳೆಗೆ ಬೇಕಾದ ಪ್ರಮಾಣದ ಅಂದಾಜು ಹೀಗಿದೆ. ಒಂದು ಟನ್ ಗಡ್ಡೆ ತನ್ನೊಡನೆ ಸುಮಾರು 3 ಕಿಲೋ ಸಾರಜನಕವನ್ನೂ 5 ಕಿಲೋ ಪೊಟ್ಯಾಷನ್ನೂ ಹೊಲದಿಂದ ಹೊರಗೆ ಒಯ್ಯುತ್ತದೆ. ಎಕರೆಗೆ 10 ಟನ್ ಬಂದರೆ ಗಡ್ಡೆಯಲ್ಲೇ 30 ಕಿಲೋ ಸಾರಜನಕ ಹೋಯಿತು, ಸೊಪ್ಪಿನದು ಬೇರೆ. ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು ಹೋಗುತ್ತದೆ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಪೊಟ್ಯಾಷ್ ಕೊಡದೆ ಯೂರಿಯಾ ಒಂದನ್ನೇ ಸುರಿಯುವ ಹೊಲಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಹೆಜ್ಜೆ 1: ಮಣ್ಣಿನ ಜೊತೆಗೆ ನೀರನ್ನೂ ಪರೀಕ್ಷೆಗೆ ಕೊಡಿ

ಬಿತ್ತನೆಗೆ ಎರಡು ತಿಂಗಳು ಮುಂಚೆ, ಯಾವ ಗೊಬ್ಬರವೂ ಬೀಳದ ಮೊದಲು, ತಾಕಿನ 10ರಿಂದ 15 ಕಡೆ ಒಂದು ಗೇಣು ಆಳದವರೆಗೆ ಗುಂಡಿಯ ಗೋಡೆಯಿಂದ ಮಣ್ಣು ಕೆರೆದು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಕೋಲಾರದ ಟಮಕದಲ್ಲಿಯೂ ಚಿಂತಾಮಣಿಯ ಕುರುಬೂರಿನಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬದುವಿನ ಪಕ್ಕ, ಮರದ ನೆರಳು, ಹಳೆಯ ತಿಪ್ಪೆ ಇದ್ದ ಜಾಗದ ಮಣ್ಣು ಸೇರಬಾರದು.

ವರದಿಯಲ್ಲಿ ನೋಡಬೇಕಾದುದು ಮೂರು. ರಸಸಾರ (pH) 5.2ರಿಂದ 6.5ರ ಒಳಗಿದ್ದರೆ ಆಲೂಗಡ್ಡೆಗೆ ಹಿತ. ಸಾವಯವ ಇಂಗಾಲ 0.5%ಗಿಂತ ಕೆಳಗಿದ್ದರೆ ಕಡಿಮೆ ಎಂದರ್ಥ; ನಮ್ಮ ಕೆಂಪು ಮರಳುಮಿಶ್ರಿತ ಮಣ್ಣುಗಳಲ್ಲಿ ಸಾಮಾನ್ಯವಾಗಿ ಇದೇ ಫಲಿತಾಂಶ ಬರುತ್ತದೆ. ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ ಅದೂ ಕಡಿಮೆಯೇ. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು: ವರದಿಯಲ್ಲಿ 230 ಕಿಲೋ ಸಾರಜನಕ ಎಂದು ಬರೆದಿರುವಾಗ ಶಿಫಾರಸಿನಂತೆ ಹೆಕ್ಟೇರಿಗೆ ಮತ್ತೆ 125 ಕಿಲೋ ಏಕೆ ಹಾಕಬೇಕು ಎಂದು ಕೇಳುವವರಿದ್ದಾರೆ. ಆ 230 ಕಿಲೋ ಗಿಡದ ಬಾಯಿಗೆ ಸಿದ್ಧವಾಗಿರುವ ಸಾರಜನಕವಲ್ಲ, ಮಣ್ಣಿನ ಸಾವಯವ ಅಂಶ ನಿಧಾನವಾಗಿ ಬಿಡಬಲ್ಲ ಶಕ್ತಿಯ ಒಂದು ಅಳತೆ. ಹಾಗಾಗಿ ಅದನ್ನು ನೇರವಾಗಿ ಕಳೆಯುವಂತಿಲ್ಲ. ಮಟ್ಟ ಕಡಿಮೆಯಿದ್ದರೆ ಶಿಫಾರಸನ್ನು ಸುಮಾರು ಕಾಲು ಭಾಗ ಏರಿಸುವುದು, ಹೆಚ್ಚಿದ್ದರೆ ಕಾಲು ಭಾಗ ಇಳಿಸುವುದು ವಾಡಿಕೆ.

ನೀರಿನ ಪರೀಕ್ಷೆಯನ್ನು ಬಹುತೇಕರು ಮಾಡಿಸುವುದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯಿದೆ. ನಮ್ಮ ಜಿಲ್ಲೆಗಳ ಎಷ್ಟೋ ಕೊಳವೆ ಬಾವಿಗಳು ಅದನ್ನು ದಾಟಿವೆ. ಕುಡಿಯಲು ಬಾರದ ಆ ನೀರು ಬೆಳೆಗೆ ಗೊಬ್ಬರವೇ. 45 ಮಿಲಿಗ್ರಾಂ ನೈಟ್ರೇಟಿನಲ್ಲಿ ಸಾರಜನಕ ಸುಮಾರು 10 ಮಿಲಿಗ್ರಾಂ. ಬೆಳೆಯ ಉದ್ದಕ್ಕೂ 400 ಮಿಲಿಮೀಟರ್, ಅಂದರೆ ಎಕರೆಗೆ 16 ಲಕ್ಷ ಲೀಟರ್ ನೀರು ಹಾಯಿಸಿದರೆ 16 ಕಿಲೋ ಸಾರಜನಕ ಹೊಲಕ್ಕೆ ಇಳಿದಂತಾಯಿತು, ಅಂದರೆ ಮುಕ್ಕಾಲು ಮೂಟೆ ಯೂರಿಯಾ. ಅದರಲ್ಲಿ ಸುಮಾರು ಅರ್ಧ 50ನೇ ದಿನದ ನಂತರವೇ ಬರುವುದರಿಂದ ಲೆಕ್ಕಕ್ಕೆ ಅರ್ಧವನ್ನಷ್ಟೇ ಹಿಡಿಯಿರಿ.

ಹೆಜ್ಜೆ 2: ಸಾವಯವ ಗೊಬ್ಬರವನ್ನು ಆರಿಸುವುದು

ಸಾವಯವ ಗೊಬ್ಬರದಿಂದ ಎರಡು ಬೇರೆ ಬೇರೆ ಕೆಲಸಗಳಾಗುತ್ತವೆ, ಅವನ್ನು ಕಲಸಿಕೊಳ್ಳಬಾರದು. ಸಾರಜನಕ ಕೊಡುವುದು ಒಂದು. ಮಣ್ಣು ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟುಕೊಳ್ಳುವಂತೆ ಮಾಡುವುದು ಇನ್ನೊಂದು. ಮರಳು ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ಎರಡನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆಲೂಗಡ್ಡೆಯ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಒಂದೂವರೆ ಅಡಿಯಲ್ಲೇ ಇರುತ್ತವೆ; ಯೂರಿಯಾ ನೈಟ್ರೇಟಾದ ಮೇಲೆ ಒಂದು ಭಾರಿ ನೀರು ಬಿಟ್ಟರೆ ಅದು ಬೇರಿಗೆ ಸಿಗದಷ್ಟು ಕೆಳಕ್ಕೆ ಜಾರಿಹೋಗುತ್ತದೆ. ನೀರನ್ನು ಹಿಡಿಯುವ ಮಣ್ಣಿದ್ದರೆ ಅದೇ ಯೂರಿಯಾ ಹೆಚ್ಚು ದಿನ ಬೇರಿನ ಬಳಿ ನಿಲ್ಲುತ್ತದೆ.

ಕೊಟ್ಟಿಗೆ ಗೊಬ್ಬರ ಎಕರೆಗೆ 10 ಟನ್. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರದಲ್ಲಿ ಸುಮಾರು 0.5% ಸಾರಜನಕ ಇರುತ್ತದೆ, ಅಂದರೆ ಒಟ್ಟು 50 ಕಿಲೋ. ಈ ಬೆಳೆಗೆ ಸಿಗುವುದು ಅದರ ಕಾಲು ಭಾಗ, ಉಳಿದದ್ದು ಮುಂದಿನ ಬೆಳೆಗಳಿಗೆ. ಕಳಿತಿದೆಯೇ ಎಂದು ತಿಳಿಯಲು ತಿಪ್ಪೆಯ ನಡುವಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಚುಕಿ ನೋಡಿ. ಬೆಚ್ಚಗಿರಬಾರದು, ಸಗಣಿಯ ವಾಸನೆಯ ಬದಲು ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ರಾಗಿ ಹುಲ್ಲಿನ ಎಳೆ ಎಳೆದರೆ ತಟ್ಟನೆ ತುಂಡಾಗಬೇಕು. ಹುಲ್ಲು ಇನ್ನೂ ಗಟ್ಟಿಯಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸುತ್ತವೆ, ಗಿಡ ಮೊಳೆತ ಹೊಸದರಲ್ಲೇ ಬಿಳಿಚಿಕೊಳ್ಳುತ್ತದೆ. ಹಸಿ ಗೊಬ್ಬರ ಗೊಣ್ಣೆ ಹುಳುವನ್ನೂ ಕರೆತರುತ್ತದೆ, ಗಡ್ಡೆಯ ಮೇಲೆ ಕಜ್ಜಿಯನ್ನೂ ಹೆಚ್ಚಿಸುತ್ತದೆ.

ಕೋಳಿ ಗೊಬ್ಬರದಲ್ಲಿ ಸಾರಜನಕ ಸುಮಾರು 2% ಇರುತ್ತದೆ, ಮತ್ತು ಅದರ ಅರ್ಧದಷ್ಟು ಇದೇ ಬೆಳೆಗೆ ಸಿಗುತ್ತದೆ. ಹೀಗಾಗಿ ಅದನ್ನು ತಿಪ್ಪೆ ಗೊಬ್ಬರದಂತೆ ಲೋಡುಗಟ್ಟಲೆ ಸುರಿಯಬಾರದು. ಎಕರೆಗೆ 2 ಟನ್ ಸಾಕು, ಅದನ್ನೂ ರಾಶಿ ಹಾಕಿ ನೀರು ಚಿಮುಕಿಸಿ ಒಂದೂವರೆ ಎರಡು ತಿಂಗಳು ಕಳಿಸಿದ ಮೇಲೆ. ಹೊಂಗೆ ಹಿಂಡಿಯಲ್ಲಿ ಸುಮಾರು 4%, ಬೇವಿನ ಹಿಂಡಿಯಲ್ಲಿ 5% ಸಾರಜನಕವಿದೆ. ಬೆಲೆ ನೋಡಿದರೆ ಸಾರಜನಕಕ್ಕಾಗಿ ಹಿಂಡಿ ಕೊಳ್ಳುವುದು ದುಬಾರಿ, ಆದರೆ ಸಾಲಿನಲ್ಲಿ ಗಡ್ಡೆಯ ಕೆಳಗೆ ಹಾಕಿದ ಹಿಂಡಿ ನಿಧಾನವಾಗಿ ಕರಗುವುದರಿಂದ ಮರಳು ಮಣ್ಣಿಗೆ ಒಪ್ಪುತ್ತದೆ, ಬೇರುಗಂಟು ಜಂತುಹುಳುವಿನ ಕಾಟವನ್ನೂ ಒಂದಿಷ್ಟು ತಗ್ಗಿಸುತ್ತದೆ.

ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆ ರೇಷ್ಮೆ ಮನೆಯ ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನ ಗೊಬ್ಬರ ಸುಲಭವಾಗಿ ಸಿಗುತ್ತದೆ. ಸಾರಜನಕದಲ್ಲಿ ಅದು ದನದ ಗೊಬ್ಬರಕ್ಕಿಂತ ಮೇಲು. ಆದರೆ ಹುಳು ಸಾಕುವವರು ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ಬ್ಲೀಚಿಂಗ್ ಪುಡಿಯನ್ನೂ ಬಳಸುತ್ತಾರೆ. ಸುಣ್ಣ ಸೇರಿದ ಗೊಬ್ಬರ ಮಣ್ಣಿನ ರಸಸಾರವನ್ನು ಏರಿಸುತ್ತದೆ, ರಸಸಾರ ಏರಿದ ಮಣ್ಣಿನಲ್ಲಿ ಕಜ್ಜಿ ರೋಗ ಜಾಸ್ತಿ. ಆದ್ದರಿಂದ ಅದನ್ನು ಆಲೂಗಡ್ಡೆಯ ತಾಕಿಗೆ ನೇರವಾಗಿ ಹಾಕದೆ ಹಿಂದಿನ ರಾಗಿ ಬೆಳೆಗೆ ಹಾಕುವುದು ಜಾಣತನ. ಕೆರೆಯ ಗೋಡು ಸಾರಜನಕದ ಮೂಲವಲ್ಲ, ಮಣ್ಣಿಗೆ ಜಿಗುಟು ಕೊಡುವ ವಸ್ತು. ಬೇಸಿಗೆಯಲ್ಲಿ ಹಾಕಿ ಬಿಸಿಲಿಗೆ ಬಿಟ್ಟರೆ ಆಯಿತು. ಜೀವಾಮೃತದ ಬಗ್ಗೆ ಒಂದು ಮಾತು ಹೇಳಲೇಬೇಕು. 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಹಿಟ್ಟು ಸೇರಿಸಿದ 200 ಲೀಟರಿನಲ್ಲಿ ಇರುವ ಸಾರಜನಕ ಲೆಕ್ಕ ಹಾಕಿದರೆ ಕಾಲು ಕಿಲೋ ಆಸುಪಾಸು. ಬೇರೆ ಕಾರಣಗಳಿಗೆ ಬಳಸುವವರು ಬಳಸಲಿ, ಯೂರಿಯಾದ ಬದಲಿಗೆ ಎಂದು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ಹೆಜ್ಜೆ 3: ಒಂದೇ ಪುಸ್ತಕದಲ್ಲಿ ಲೆಕ್ಕ

ನೀರಾವರಿ ಆಲೂಗಡ್ಡೆಗೆ ರಾಜ್ಯದಲ್ಲಿ ಸಾಮಾನ್ಯವಾಗಿ ಹೇಳುವ ಶಿಫಾರಸು ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ, 125 ಕಿಲೋ ಸಾರಜನಕ, 100 ಕಿಲೋ ರಂಜಕ, 125 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ 10 ಟನ್, 50, 40, 50 ಕಿಲೋ. ಈ 50 ಕಿಲೋ ಸಾರಜನಕ ಕೊಟ್ಟಿಗೆ ಗೊಬ್ಬರದ ಜೊತೆಗೆ ಹೇಳಿರುವಂಥದ್ದು. ಹಾಗಾಗಿ 10 ಟನ್ ತಿಪ್ಪೆ ಗೊಬ್ಬರ ಹಾಕಿದವರು ಅದರ ಸಾರಜನಕವನ್ನು ಮತ್ತೆ ಕಳೆಯಬೇಕಾಗಿಲ್ಲ. ಅದಕ್ಕೂ ಮೇಲೆ ಹಾಕಿದ ಕೋಳಿ ಗೊಬ್ಬರ, ಹಿಂಡಿ ಮತ್ತು ನೀರಿನ ನೈಟ್ರೇಟನ್ನು ಕಳೆಯಬೇಕು.

ಬೇರೇನೂ ಹಾಕದಿದ್ದರೆ ಲೆಕ್ಕ ಹೀಗೆ: 40 ಕಿಲೋ ರಂಜಕಕ್ಕೆ 87 ಕಿಲೋ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್). ಅದರಲ್ಲೇ ಸುಮಾರು 16 ಕಿಲೋ ಸಾರಜನಕ ಬಂತು. ಉಳಿದ 34 ಕಿಲೋಗೆ 75 ಕಿಲೋ ಯೂರಿಯಾ. ಪೊಟ್ಯಾಷಿಗೆ 83 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಯೂರಿಯಾ ಮೂಟೆ ಈಗ 45 ಕಿಲೋದ್ದು, 50 ಅಲ್ಲ; ಮೂಟೆಯ ಲೆಕ್ಕದಲ್ಲಿ ಹೇಳುವಾಗ ಇದನ್ನು ಮರೆಯಬಾರದು. 2 ಟನ್ ಕೋಳಿ ಗೊಬ್ಬರ ಹಾಕಿದ್ದರೆ 20 ಕಿಲೋ ಸಾರಜನಕ ಅಲ್ಲಿಂದ ಬರುತ್ತದೆ, ಚೀಲದಿಂದ ಬೇಕಾದುದು 30 ಕಿಲೋ, ಡಿಎಪಿಯ 16 ಕಳೆದರೆ ಉಳಿದ 14 ಕಿಲೋಗೆ ಯೂರಿಯಾ ಸುಮಾರು 31 ಕಿಲೋ ಮಾತ್ರ. ನೀರಿನಲ್ಲಿ 8 ಕಿಲೋ ಇದೆ ಎಂದಾದರೆ ಯೂರಿಯಾ 13 ಕಿಲೋಗೆ ಇಳಿಯುತ್ತದೆ.

ಈ ಲೆಕ್ಕವನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಒಂದು ಹಿಂಗಾರಿನಲ್ಲಿ ಒಂದು ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡು, ಸುಮಾರು 5 ಟನ್ ಕೋಳಿ ಗೊಬ್ಬರ ಹೊಡೆಸಿ, ಮೇಲೆ ಎಂದಿನಂತೆ ಡಿಎಪಿ, ಯೂರಿಯಾ ಎರಡನ್ನೂ ಪೂರ್ತಿ ಹಾಕಿದ್ದೆ. ಗಿಡ ಸೊಂಟದ ಹತ್ತಿರ ಬಂದು ಸಾಲಿನ ನಡುವೆ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು, "ಏನಪ್ಪಾ, ಸೊಪ್ಪು ಮಾರೋಕೆ ಬೆಳೆದಿದ್ದೀಯಾ?" ಎಂದು ಕೇಳಿದರು. 60ನೇ ದಿನ ಒಂದು ಬುಡ ಕಿತ್ತಾಗ ಸಿಕ್ಕಿದ್ದು ನಿಂಬೆಹಣ್ಣಿನ ಗಾತ್ರದ ನಾಲ್ಕು ಗಡ್ಡೆ. ಆಮೇಲೆ ಕೂತು ಕೂಡಿಸಿ ನೋಡಿದರೆ ಶಿಫಾರಸಿನ ಇಡೀ 50 ಕಿಲೋ ಕೋಳಿ ಗೊಬ್ಬರದಲ್ಲೇ ಬಂದಿತ್ತು.

ಹೆಜ್ಜೆ 4: ಬಿತ್ತನೆಯ ದಿನ

ಕೊಟ್ಟಿಗೆ ಗೊಬ್ಬರವನ್ನು ಮೂರು ವಾರ ಮೊದಲೇ ಹರಡಿ ಉತ್ತು ಬೆರೆಸಿರಬೇಕು. ಹರಡಿ ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ. ತಾಕು ಹಿಂದಿನ ಬೆಳೆಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಕಂಡಿರಬಾರದು, ಏಕೆಂದರೆ ಎಲ್ಲವೂ ಒಂದೇ ಕುಟುಂಬದವು, ದುಂಡಾಣು ಸೊರಗು ರೋಗ ಒಂದರಿಂದ ಒಂದಕ್ಕೆ ದಾಟುತ್ತದೆ. ಟೊಮೆಟೊ ನಾಡಾದ ಕೋಲಾರದಲ್ಲಿ ಇದನ್ನು ಪಾಲಿಸುವುದು ಕಷ್ಟ ಎಂಬುದು ಗೊತ್ತಿದೆ, ಆದರೂ ರಾಗಿ ಅಥವಾ ಮುಸುಕಿನ ಜೋಳದ ಹಿಂದೆ ಹಾಕಿದರೆ ಕ್ಷೇಮ.

ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್. ಡಿಎಪಿ ಪೂರ್ತಿ, ಪೊಟ್ಯಾಷ್ ಪೂರ್ತಿ ಅಥವಾ ಅರ್ಧ, ಯೂರಿಯಾ 20 ಕಿಲೋ ಮಾತ್ರ ಸಾಲಿಗೆ ಹಾಕಿ, ಮೇಲೆ ಎರಡು ಬೆರಳು ಮಣ್ಣು ಎಳೆದು, ಆಮೇಲೆ ಗಡ್ಡೆ ಇಡಬೇಕು. ಕತ್ತರಿಸಿದ ಬಿತ್ತನೆ ಗಡ್ಡೆಗೆ ಯೂರಿಯಾ ತಾಗಿದರೆ ಅದರಿಂದ ಹೊರಡುವ ಅಮೋನಿಯಾ ಮೊಳಕೆಯನ್ನು ಸುಡುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಗಿಡ ಏಳದೆ ಕೊಳೆತು ಹೋದರೆ ಬಿತ್ತನೆಯನ್ನು ದೂರುವ ಮುಂಚೆ ಇದನ್ನು ಪರಿಶೀಲಿಸಬೇಕು.

ಹೆಜ್ಜೆ 5: ಉಳಿದ ಯೂರಿಯಾ

ಉಳಿದ 55 ಕಿಲೋವನ್ನು ಒಂದೇ ಬಾರಿಗೆ ಹಾಕುವ ಅಭ್ಯಾಸ ಜೇಡಿ ಮಣ್ಣಿಗೆ ನಡೆದೀತು, ನಮ್ಮ ಮಣ್ಣಿಗೆ ಅಲ್ಲ. 20ರಿಂದ 25ನೇ ದಿನ ಅರ್ಧ, 35ನೇ ದಿನ ಮಣ್ಣು ಏರಿಸುವಾಗ ಅರ್ಧ. ಅಂದರೆ ಗುಂಟೆಗೆ ಪ್ರತಿ ಬಾರಿ ಸುಮಾರು 700 ಗ್ರಾಂ. 33 ಅಡಿ ಉದ್ದದ ಒಂದು ಸಾಲಿಗೆ ಇದು 40 ಗ್ರಾಂ ಚಿಲ್ಲರೆ. ಗೊಬ್ಬರ ಹಾಕುವವರ ಕೈಗೆ ಒಂದು ಹಿಡಿ ಯೂರಿಯಾ ಕೊಟ್ಟು ತಕ್ಕಡಿಯಲ್ಲಿ ತೂಗಿ ನೋಡಿ: ಒಬ್ಬರ ಹಿಡಿಗೂ ಇನ್ನೊಬ್ಬರ ಹಿಡಿಗೂ ಇರುವ ಅಂತರ ಕಂಡರೆ, ಒಂದೇ ತಾಕಿನಲ್ಲಿ ಕೆಲವು ಸಾಲು ಕಡುಹಸಿರು, ಕೆಲವು ಬಿಳಿಚು ಏಕೆ ಎಂಬುದು ತಿಳಿಯುತ್ತದೆ. ಹಾಕಿದ ಕೂಡಲೇ ಮಣ್ಣು ಮುಚ್ಚಿ ಹಗುರವಾಗಿ ನೀರು ಕೊಡಬೇಕು. ಬೇವು ಲೇಪಿತ ಯೂರಿಯಾ ನೈಟ್ರೇಟಾಗುವುದನ್ನು ತುಸು ನಿಧಾನಿಸುತ್ತದೆ. ಮೇಲೆ ಬಿಟ್ಟ ಯೂರಿಯಾ ಗಾಳಿಗೆ ಹೋಗುವುದನ್ನು ಅದು ತಡೆಯುವುದಿಲ್ಲ.

ಹನಿ ನೀರಾವರಿ ಇರುವವರು ಅದೇ 55 ಕಿಲೋವನ್ನು 14ನೇ ದಿನದಿಂದ 49ನೇ ದಿನದವರೆಗೆ ವಾರಕ್ಕೊಮ್ಮೆ ಸುಮಾರು 9 ಕಿಲೋದಂತೆ ಆರು ಬಾರಿ ವೆಂಚುರಿಯ (ಗೊಬ್ಬರದ ದ್ರಾವಣವನ್ನು ನೀರಿನ ಕೊಳವೆಗೆ ಎಳೆದುಕೊಳ್ಳುವ ಸಾಧನ) ಮೂಲಕ ಬಿಡಬಹುದು. ನೀರು ಬಿಡುವ ಅವಧಿಯ ಮೊದಲ ಮೂರನೇ ಒಂದು ಭಾಗ ಬರೀ ನೀರು, ನಡುವಿನ ಭಾಗದಲ್ಲಿ ಗೊಬ್ಬರ, ಕೊನೆಯ ಭಾಗ ಮತ್ತೆ ಬರೀ ನೀರು. ಗೊಬ್ಬರವನ್ನು ಮೊದಲೇ ಬಿಟ್ಟು ಗಂಟೆಗಟ್ಟಲೆ ನೀರು ಹರಿಸಿದರೆ ಬೇರಿಗೆ ತಲುಪಿದ್ದನ್ನು ನಾವೇ ತೊಳೆದು ಕೆಳಕ್ಕೆ ಕಳಿಸಿದಂತಾಗುತ್ತದೆ.

ಹೆಜ್ಜೆ 6: 50ನೇ ದಿನದ ನಂತರ

ಇಲ್ಲಿಂದ ಮುಂದೆ ಸಾರಜನಕ ಬೇಡ. ಬೆಲೆ ಏರುತ್ತಿದೆ ಎಂಬ ಸುದ್ದಿ ಕೇಳಿ 60ನೇ ದಿನ ಇನ್ನೊಂದು ಕೈ ಯೂರಿಯಾ ಎರಚುವ ಆಸೆ ಬರುತ್ತದೆ. ಅದರಿಂದ ಎಲೆ ದಟ್ಟವಾಗಿ, ಇಬ್ಬನಿ ಬೀಳುವ ಡಿಸೆಂಬರಿನಲ್ಲಿ ಸೊಪ್ಪಿನ ಒಳಗಿನ ತೇವ ಆರದೆ ಅಂಗಮಾರಿಗೆ ದಾರಿಯಾಗುತ್ತದೆ. ಗಡ್ಡೆಯಲ್ಲಿ ಒಣ ಅಂಶ ತಗ್ಗುತ್ತದೆ, ಚಿಪ್ಸ್ ಕರಿದರೆ ಕಂದಾಗುತ್ತದೆ. ಸಿಪ್ಪೆ ಬಲಿಯದೆ ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತದೆ, ಅಂಥ ಗಡ್ಡೆ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಕಪ್ಪಾಗುತ್ತದೆ. ಕೀಳುವ 10ರಿಂದ 12 ದಿನ ಮೊದಲು ನೀರು ನಿಲ್ಲಿಸಿ ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದರೆ ಸಿಪ್ಪೆ ಗಟ್ಟಿಯಾಗುತ್ತದೆ. ಗೊಬ್ಬರ ಹೆಚ್ಚಾದ ತಾಕಿನಲ್ಲಿ ಇನ್ನೂ ನಾಲ್ಕೈದು ದಿನ ಕಾಯಬೇಕಾಗಬಹುದು.

ಹೆಜ್ಜೆ 7: ನಿಮ್ಮ ತಾಕಿನಲ್ಲೇ ನಾಲ್ಕು ಗುಂಟೆ

ಶಿಫಾರಸು ಎಂಬುದು ಜಿಲ್ಲೆಗಟ್ಟಲೆ ಮಣ್ಣಿನ ಸರಾಸರಿ. ನಿಮ್ಮ ಮಣ್ಣು ಏನು ಹೇಳುತ್ತದೆ ಎಂದು ತಿಳಿಯಲು ಒಂದು ಎಕರೆಯ ಮೂಲೆಯಲ್ಲಿ ಒಂದೊಂದು ಗುಂಟೆಯ ನಾಲ್ಕು ಪಟ್ಟಿ ಗುರುತು ಮಾಡಿ, ನಾಲ್ಕಕ್ಕೂ ಗೂಟ ಹೊಡೆಯಿರಿ. ಡಿಎಪಿಯಲ್ಲಿ ಸಾರಜನಕ ಇರುವುದರಿಂದ ಇಲ್ಲಿ ಅದು ಬೇಡ. ಎಲ್ಲ ಪಟ್ಟಿಗೂ ಸಮನಾಗಿ 6.25 ಕಿಲೋ ಸೂಪರ್ ಫಾಸ್ಫೇಟ್, 2.1 ಕಿಲೋ ಪೊಟ್ಯಾಷ್ ಹಾಕಿ. ಮೊದಲ ಪಟ್ಟಿಗೆ 250 ಕಿಲೋ ಕೊಟ್ಟಿಗೆ ಗೊಬ್ಬರ, ಯೂರಿಯಾ ಇಲ್ಲ. ಎರಡನೆಯದಕ್ಕೆ ಅಷ್ಟೇ ಕೊಟ್ಟಿಗೆ ಗೊಬ್ಬರ, 2.7 ಕಿಲೋ ಯೂರಿಯಾ. ಮೂರನೆಯದಕ್ಕೆ 2.7 ಕಿಲೋ ಯೂರಿಯಾ ಮಾತ್ರ, ಕೊಟ್ಟಿಗೆ ಗೊಬ್ಬರ ಇಲ್ಲ. ನಾಲ್ಕನೆಯದಕ್ಕೆ ಕೊಟ್ಟಿಗೆ ಗೊಬ್ಬರ, 2 ಕಿಲೋ ಯೂರಿಯಾ, ಉಳಿದ ಕಾಲು ಭಾಗ ಸಾರಜನಕಕ್ಕೆ 7.8 ಕಿಲೋ ಹೊಂಗೆ ಹಿಂಡಿ. ಯೂರಿಯಾವನ್ನು ಬಿತ್ತನೆ, 25 ಮತ್ತು 35ನೇ ದಿನಕ್ಕೆ ಮೇಲಿನಂತೆಯೇ ಹಂಚಿ.

45ನೇ ದಿನ ಪ್ರತಿ ಪಟ್ಟಿಯ ನಡುವಿನ ಸಾಲುಗಳಿಂದ ಐದು ಬುಡ ಕಿತ್ತು ಸೊಪ್ಪನ್ನೂ ಗಡ್ಡೆಯನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಸೊಪ್ಪು ಭಾರವಾಗಿದ್ದು ಗಡ್ಡೆ ಹಗುರವಾಗಿರುವ ಪಟ್ಟಿಯಲ್ಲಿ ಸಾರಜನಕ ಹೆಚ್ಚಾಗಿದೆ. ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ದಪ್ಪ, ಮಧ್ಯಮ, ಗೋಲಿ ಎಂದು ಮೂರು ಗುಡ್ಡೆ ಮಾಡಿ ತೂಗಿ. ಮೊದಲ ಪಟ್ಟಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸ ನಿಮ್ಮ ಯೂರಿಯಾದ ದುಡಿಮೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಪ್ಪೆಯ ದುಡಿಮೆ. ಆ ಎರಡು ವ್ಯತ್ಯಾಸವನ್ನೂ ಆ ದಿನದ ಬೆಲೆಗೆ ಗುಣಿಸಿ ಗೊಬ್ಬರದ ಬಿಲ್ಲಿನ ಪಕ್ಕ ಬರೆಯಿರಿ. ಮೊದಲ ಪಟ್ಟಿ ಎರಡನೆಯದರ ಹತ್ತಿರ ಹತ್ತಿರ ಬಂದರೆ ಮಣ್ಣಿನಲ್ಲೋ ನೀರಿನಲ್ಲೋ ಸಾರಜನಕ ಸಾಕಷ್ಟಿದೆ ಎಂದು ತಿಳಿದು ಮುಂದಿನ ವರ್ಷ ಕಾಲು ಭಾಗ ಇಳಿಸಬಹುದು.

ಚಿಪ್ಸಿನವರಿಗೆ ಮಾರುವವರು ಒಣ ಅಂಶವನ್ನೂ ನೋಡಿಕೊಳ್ಳಬೇಕು. ಮಣ್ಣು ತೊಳೆದ 5 ಕಿಲೋ ಗಡ್ಡೆಯನ್ನು ಬಲೆಯ ಚೀಲದಲ್ಲಿ ಹಾಕಿ, ತೂಗು ತಕ್ಕಡಿಗೆ ನೇತುಹಾಕಿ, ಡ್ರಮ್ಮಿನ ನೀರಿನಲ್ಲಿ ತಳ ತಾಗದಂತೆ ಪೂರ್ತಿ ಮುಳುಗಿಸಿ ಮತ್ತೆ ತೂಗಿ. ಗಾಳಿಯಲ್ಲಿನ ತೂಕವನ್ನು, ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ; ಅದು ಹೆಚ್ಚಿದಷ್ಟೂ ಒಣ ಅಂಶ ಹೆಚ್ಚು. ನೀರಿನಲ್ಲಿ 360 ಗ್ರಾಂ ತೂಗಿದರೆ 5ನ್ನು 4.64ರಿಂದ ಭಾಗಿಸಿ 1.078. ಚಿಪ್ಸಿಗೆ 1.080ಕ್ಕಿಂತ ಮೇಲಿದ್ದರೆ ಒಳ್ಳೆಯದು. ನಾಲ್ಕೂ ಪಟ್ಟಿಯ ಗಡ್ಡೆಗಳನ್ನು ಒಂದೇ ದಿನ, ಒಂದೇ ಡ್ರಮ್ಮಿನಲ್ಲಿ ತೂಗಬೇಕು, ಇಲ್ಲದಿದ್ದರೆ ಹೋಲಿಕೆ ನಿಲ್ಲುವುದಿಲ್ಲ.